ಫೋನ್ ಸೈಲೆಂಟ್ ಮಾಡಿದ ಹತ್ತು ನಿಮಿಷ

ನನ್ನ ಗಂಡ ಸೈನ್ಯದಲ್ಲಿದ್ದಾರೆ. ಫೋನ್ ಮಾಡುವುದು ಅವರು, ಎತ್ತುವುದು ನಾನು. ಇಲ್ಲಿಂದ ಮಾಡಿದರೆ ಹೋಗುವುದಿಲ್ಲ. ಇಂಥ ಹೊತ್ತಿಗೇ ಬರುತ್ತದೆ ಅಂತಲೂ ಇಲ್ಲ. ಹಾಗಾಗಿ ಬಚ್ಚಲಿಗೂ ಫೋನ್ ತೆಗೆದುಕೊಂಡು ಹೋಗುವ ಹೆಂಗಸು ನಾನು. ಯಳಂದೂರಿನ ತಾಲ್ಲೂಕು ಕಚೇರಿಯಲ್ಲಿ ಪಹಣಿಗಾಗಿ ಒಂದು ಗಂಟೆ ಸಾಲಿನಲ್ಲಿ ನಿಂತು, ಇನ್ನೇನು ನನ್ನ ಸರದಿ ಅನ್ನುವಾಗ ಫೋನ್ ಬಂದು ಹೊರಗೆ ಓಡಿದ್ದೇನೆ. ವಾಪಸ್ ಬರುವಷ್ಟರಲ್ಲಿ ಊಟದ ಹೊತ್ತು ಅಂತ ಕಿಟಕಿ ಮುಚ್ಚಿತ್ತು.

ಈ ವರ್ಷ ಎದೆ ಹಿಡಿದುಕೊಂಡಂತಾಗುವುದು ಶುರುವಾಯಿತು. ಡಾಕ್ಟರು ನೋಡಿ, "ಕಾಯಿಲೆ ಏನಿಲ್ಲ, ಟೆನ್ಷನ್" ಅಂದರು. ಅದು ನನಗೆ ಗೊತ್ತಿಲ್ಲದ ವಿಷಯವೇ? ಸೈನಿಕರ ಹೆಂಡತಿಯರಿಗೆ ಫೋನಿನಲ್ಲೇ ಉಸಿರಾಟದ ಪಾಠ ಹೇಳುವ ಮೇಡಂ ಒಬ್ಬರಿದ್ದಾರೆ ಅಂತ ಯಾರೋ ಹೇಳಿದರು, ಸೇರಿಕೊಂಡೆ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. "ಗಮನವೆಲ್ಲ ಮೂಗಿನ ತುದಿಯಲ್ಲಿರಲಿ" ಅನ್ನುತ್ತಿದ್ದರು. ನನ್ನ ಮೂಗಿನ ತುದಿಯಲ್ಲಿ ಯಾವಾಗಲೂ ಕೂತಿರುವುದು ಕೋಪ, ಇನ್ನೊಂದಕ್ಕೆ ಜಾಗವೆಲ್ಲಿ? ಮೂರು ಅನ್ನುವಷ್ಟರಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿತ್ತು, ಇಲ್ಲವೇ ಮಗಳು ಜಡೆ ಹಾಕು ಅಂತ ಬಾಚಣಿಗೆ ಹಿಡಿದು ಎದುರಿಗೆ ನಿಲ್ಲುತ್ತಿದ್ದಳು. ಅತ್ತೆ ನೋಡಿ ನೋಡಿ ಒಂದು ದಿನ ಕೇಳಿಯೇ ಬಿಟ್ಟರು: "ಉಸ್ರಾಡದ್ಕೂ ಇಸ್ಕೂಲ್ಗೆ ಸೇರ್ಕಂಡ್ಯವ್ವಾ? ಉಟ್ದಾಗ ಯಾರು ಏಳ್ಕೊಟ್ಟಿದ್ರು ನಿಂಗೆ?"

ಮೇಡಂಗೆ ನನ್ನ ಪಾಡು ಹೇಳಿಕೊಂಡೆ. "ಹತ್ತೇ ನಿಮಿಷ ಫೋನ್ ಸೈಲೆಂಟ್ ಮಾಡಿ ದೂರ ಇಟ್ಟುಬಿಡಿ. ಆ ಹತ್ತು ನಿಮಿಷ ನಿಮ್ಮದು" ಅಂದರು. ಗಂಡನ ಫೋನ್ ಬಂದು ಒಂಬತ್ತು ದಿನವಾಗಿತ್ತು. ಬರುವುದಿದ್ದರೆ ಈ ಹತ್ತು ನಿಮಿಷದಲ್ಲೇ ಬರಬೇಕಾ ಅಂದುಕೊಂಡು ಫೋನನ್ನು ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮೇಲಿಟ್ಟೆ. ಹೊನ್ನೂರಿನ ನಮ್ಮ ಹಿತ್ತಿಲಲ್ಲಿ ತೆಂಗಿನ ಮರಕ್ಕೆ ಒರಗಿ ಕಣ್ಣು ಮುಚ್ಚಿದೆ. ಸುಳ್ಳು ಯಾಕೆ ಹೇಳಲಿ, ಆವತ್ತು ಹಿತವಾಯಿತು. ಎಷ್ಟೋ ದಿನದ ಮೇಲೆ ಎದೆ ಸಡಿಲವಾಯಿತು.

ಒಳಗೆ ಬಂದು ನೋಡಿದರೆ ಮೂರು ಮಿಸ್ಡ್ ಕಾಲ್. ಅವರದೇ.

ತಿರುಗಿ ಮಾಡಿದೆ, ಹೋಗಲಿಲ್ಲ. ಮೇಡಂ ಮೇಲೆ, ಅಕ್ಕಿ ಡಬ್ಬದ ಮೇಲೆ, ಸೈನ್ಯದ ಮೇಲೆ ಸಿಟ್ಟು ಬಂತು. ಎಲ್ಲಕ್ಕಿಂತ ಹೆಚ್ಚಾಗಿ, ಹಿತವಾಯಿತು ಅಂತ ಕೂತಿದ್ದ ನನ್ನ ಮೇಲೆ ಬಂತು. ಮೂರು ಸಲ ಮಾಡಿದ್ದಾರೆ ಅಂದರೆ ಏನೋ ಹೇಳಬೇಕಿತ್ತು. ಏನದು? ಆರು ದಿನ ಅದನ್ನೇ ಯೋಚಿಸಿದೆ. ಮಗಳ ಜಡೆಯನ್ನು ಎಳೆದೆಳೆದು ಹೆಣೆದೆ, ಅವಳು ಅತ್ತಳು. ಪಾಠದ ಮೆಸೇಜ್ ಬಂದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು.

ಏಳನೆಯ ದಿನ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನಲ್ಲಿದ್ದಾಗ ಫೋನ್ ಬಂತು. ಅವರು ಬಾಯಿ ತೆರೆಯುವ ಮುಂಚೆಯೇ ಶುರುಮಾಡಿದೆ. "ಆವತ್ತು ಯಾಕ್ರೀ ಮೂರ್ ಸಲ ಮಾಡಿದ್ರಿ? ಏನಾಗಿತ್ತು? ಉಸ್ರಾಡದ್ ಕಲಿಯಕ್ಕೋಗಿ ಫೋನ್ ದೂರ ಮಡಗ್ಬುಟ್ಟಿದ್ದೆ. ಇನ್ನ್ಯಾವತ್ತೂ ಮಾಡಕಿಲ್ಲ ಕಣ್ರಿ!" ಇಡೀ ಬಸ್ಸು ತಿರುಗಿ ನೋಡಿತು.

ಆ ಕಡೆಯಿಂದ ಮೊದಲು ಬರೀ ಏದುಸಿರು ಕೇಳಿಸಿತು. ಆಮೇಲೆ ಒಂದೊಂದು ಮಾತಿಗೂ ನಿಂತು ನಿಂತು ಹೇಳಿದರು. "ಬೆಟ್ಟದ್ ಮೇಲಿನ್ ಪೋಸ್ಟ್ಗೆ ಆಕವ್ರೆ ಕನಮ್ಮಿ. ಓಗಕ್ ಮುಂಚೆ... ಒಂದ್ ಮಾತು ಏಳಣ ಅಂತ ಮಾಡಿದ್ದೆ. ಇಲ್ಲಿ ಗಾಳಿನೇ ಸಾಕಾಗಕಿಲ್ಲ." ಮತ್ತೆ ಏದುತ್ತಲೇ, "ಅದೇನೋ ಕಲ್ತಿದ್ದೀಯಲ್ಲ... ನಂಗೂ ವಸಿ ಏಳ್ಕೊಡು" ಅಂದರು.

ನನ್ನ ಕೋಪಕ್ಕೆ ಹೋಗಲು ಜಾಗವೇ ಉಳಿಯಲಿಲ್ಲ. ಬಸ್ಸಿನ ಸದ್ದಿಗೆ ಕೇಳಿಸಲಿ ಅಂತ ಗಟ್ಟಿಯಾಗಿ ಎಣಿಸಿದೆ: ಒಂದು, ಎರಡು, ಮೂರು, ನಾಲ್ಕು. ಅವರು ಉಸಿರು ಎಳೆದುಕೊಂಡದ್ದು ಕೇಳಿಸಿತು. ಈಗ ನಿಧಾನಕ್ಕೆ ಬಿಡ್ರಿ ಅಂದು ಮತ್ತೆ ಒಂದರಿಂದ ಶುರುಮಾಡಿದೆ. ಹಾಳಾದ ಲೈನು ಐದಕ್ಕೇ ಕಟ್ಟಾಯಿತು. ನಾನು ಆರು ಅಂದದ್ದು ಬಸ್ಸಿನಲ್ಲಿದ್ದ ಎಲ್ಲರಿಗೂ ಕೇಳಿಸಿತು, ಅವರೊಬ್ಬರನ್ನು ಬಿಟ್ಟು.