ನನ್ನ ಗುಳಿಗೆ ನಿನಗೆ, ನಿನ್ನದು ನನಗೆ

ಆರೇ ತಿಂಗಳಲ್ಲಿ ಮೂರನೇ ಸಲ ನನ್ನ ಬ್ಲೌಸಿನ ಹೊಲಿಗೆ ಬಿಚ್ಚಿ ಅಗಲ ಮಾಡುವಾಗ ಟೇಲರ್ ಸುಜಾತಾಳಿಗೆ ತಡೆಯಲಾಗಲಿಲ್ಲ.

"ಅಕ್ಕಾರ, ಏನ್ ತಿಂತೀರಿ?"

"ಗುಳಿಗಿ," ಅಂದೆ.

ಹನ್ನೊಂದು ವರ್ಷದಿಂದ ವಾಲ್ಪ್ರೊಯೇಟ್ ನುಂಗುತ್ತಿದ್ದೇನೆ. ಬೈಪೋಲಾರ್‌ಗೆ. (ಒಂದಿಷ್ಟು ತಿಂಗಳು ನಿದ್ದೆಯಿಲ್ಲದೆ ಊರ ಉಸಾಬರಿಯೆಲ್ಲ ನನ್ನದೇ. ಆಮೇಲೆ ಒಂದಿಷ್ಟು ತಿಂಗಳು ಹಲ್ಲುಜ್ಜುವುದೂ ಬೇಡ.) ಗುಳಿಗೆ ಎರಡನ್ನೂ ಹತೋಟಿಗೆ ತಂದಿತು. ಕೂದಲು ಉದುರಿಸಿತು, ಮೈ ಬೆಳೆಸಿತು.

ಸುಜಾತಾ ಬಾಗಿಲ ಕಡೆ ನೋಡಿ, ಬಟನ್ ಡಬ್ಬಿಯ ತಳದಿಂದ ಒಂದು ಸ್ಟ್ರಿಪ್ ತೆಗೆದಳು. ಲಿಥಿಯಂ. ಅವಳಿಗೂ ಅದೇ ಕಾಯಿಲೆ. ಮುಂಡರಗಿಯಿಂದ ಬೆಟಗೇರಿಗೆ ಸೊಸೆಯಾಗಿ ಬಂದು ಎಂಟು ತಿಂಗಳು. ಗಂಡನ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಗುಳಿಗೆಯನ್ನು ತವರಿನಿಂದ ಅವ್ವ ತಂದುಕೊಡುತ್ತಾಳೆ, ಮದುವೆಯಾದಾಗಿನಿಂದ ಡಾಕ್ಟರ್ ಮುಖ ನೋಡಿಲ್ಲ. (ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಬೇರೆ.)

"ಇದನ್ನ ನುಂಗಿದ್ರ ಕೈ ನಡಗತಾವ್ರಿ. ಸೂಜ್ಯಾಗ ದಾರ ಹೋಗವಲ್ದು. ನಿಮ್ಮ ಕೈ ಗಟ್ಟಿ ಅದಾವ. ಬದಲಿ ಮಾಡ್ಕೊಳ್ಳೂಣೇನ್ರಿ?"

ನಗಬೇಡಿ. ನಮ್ಮ ಕಡೆ ಗುಳಿಗೆ ಹಂಚಿಕೊಳ್ಳುವುದು ಉಪ್ಪಿನಕಾಯಿ ಹಂಚಿಕೊಂಡಷ್ಟೇ ಸಹಜ. ಅವಳೋ ಕಡ್ಡಿಯ ಹಾಗಿದ್ದಾಳೆ, ತೆಳ್ಳಗಾಗುವ ಆಸೆ ಯಾರಿಗಿಲ್ಲ? ಪರ್ಸಿಗೆ ಕೈ ಹಾಕಿದೆ. ಅಷ್ಟರಲ್ಲಿ ಅವಳೇ ಅಂದಳು, "ಅತ್ತಿಯವ್ರು ಮೊಮ್ಮಗನ್ನ ಕೇಳಾಕ ಹತ್ಯಾರ. ಅದರಾಗ ಇದೊಂದು ನಡುಕ."

ಕೈ ಅಲ್ಲೇ ನಿಂತಿತು. ನನಗೆ ಈ ಗುಳಿಗೆ ಬರೆಯುವ ಮೊದಲು ಡಾಕ್ಟರ್ ಕೇಳಿದ್ದರು: ಇನ್ನು ಮಕ್ಕಳಾಗುವುದುಂಟೇ? ಹೊಟ್ಟೆಯಲ್ಲಿರುವ ಕೂಸಿಗೆ ಇದು ತುಂಬಾ ಅಪಾಯ ಅಂದಿದ್ದರು. ನನಗೆ ಆಗಲೇ ನಲವತ್ತೈದು, ಮರೆತೇಬಿಟ್ಟಿದ್ದೆ. ಪರ್ಸ್ ಮುಚ್ಚಿ, ಇದನ್ನು ಅವಳಿಗೆ ಹೇಳಿದೆ.

ಮರುದಿನ ಇಬ್ಬರೂ ಗದಗಿನ ನನ್ನ ಡಾಕ್ಟರ್ ಹತ್ತಿರ ಹೋದೆವು. ಅತ್ತೆಗೆ ಅವಳು ಹೇಳಿದ್ದು, "ಅಕ್ಕಾರಿಗೆ ಆರಾಮಿಲ್ಲ, ಜೋಡಿ ಹೊಂಟೇನಿ." ನಾನು ಓಣಿಯವರಿಗೆ ಹೇಳಿದ್ದೂ ಅದನ್ನೇ, ಆದರೆ ಆರಾಮಿಲ್ಲದವಳು ಸುಜಾತಾ ಅಂತ.

ಹೊಸ ನರ್ಸ್, ದೊಡ್ಡ ಗಂಟಲು. "ಪೇಷಂಟ್ ಯಾರ್ರೀ?"

ತುಂಬಿದ ಹಾಲ್ ನಮ್ಮತ್ತ ತಿರುಗಿತು. ನಾನು ಅವಳನ್ನು ತೋರಿಸಿದೆ. ಅವಳು ನನ್ನನ್ನು ತೋರಿಸಿದಳು. ಆಮೇಲೆ ಅವಳೇ "ನಾನ್ರಿ" ಅಂದಳು.

ಡಾಕ್ಟರ್ ಗುಳಿಗೆ ಬದಲಿಸಲಿಲ್ಲ. ಎಂಟು ತಿಂಗಳು ರಕ್ತ ಪರೀಕ್ಷೆಯಿಲ್ಲದೆ ಲಿಥಿಯಂ ನುಂಗಿದ್ದಕ್ಕೆ ಬೈದು, ಪರೀಕ್ಷೆ ಮಾಡಿಸಿ, ಡೋಸ್ ಇಳಿಸಿದರು. "ಕೂಸು ಬೇಕಂದ್ರ ಮೊದಲ ನನಗ ಹೇಳ್ರಿ. ನೀವ ಬಿಡೂದು, ಬದಲಿ ಮಾಡೂದು ಬ್ಯಾಡ." ಈ ಕೊನೇ ಮಾತನ್ನು ನನ್ನನ್ನು ನೋಡಿ ಅಂದರು.

ಈಗ ಅವಳ ನಡುಕ ಕಡಿಮೆಯಾಗಿದೆ. ಅತ್ತೆಗೆ ಹೇಳುವುದೊಂದು ಬಾಕಿ. ಹೇಳುತ್ತಾಳೆ, ಹಾಲ್‌ನಲ್ಲಿ ಹೇಳಿದವಳು.

ವಾರವಾರ ಈ ಅಂಕಣದಲ್ಲಿ ನಿಮಗೆಲ್ಲ ಬುದ್ಧಿ ಹೇಳುವ ನಾನು ಮಾತ್ರ ಅವತ್ತು ಬರೀ ಅವಳ ಜೊತೆಗೆ ಬಂದವಳು.