ಮಳೆಯಲ್ಲಿ ಸೀದ ಕಾಫಿ

‘ನಿಮಗೆ ಏನೂ ಇಲ್ಲ’ ಎಂಬ ವೈದ್ಯರ ಮಾತು ಕೇಳಿ ಕುಸಿದು ಕುಳಿತವರನ್ನು ನೀವು ಎಂದಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಕಳೆದ ವಾರ ಕೊಟ್ಟಿಗೆಹಾರದ ಹೋಟೆಲೊಂದರಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಳಗಿನಿಂದ ಕಾಫಿಬೀಜ ಸೀದ ವಾಸನೆ ಬಂತು. ಹೊರಗೆ ಮಳೆ ಹಿಡಿದಿತ್ತು. ಅವೆರಡೂ ಜೊತೆಯಾಗಿ ಬಂದದ್ದರಿಂದಲೋ ಏನೋ, ಮೂಡಿಗೆರೆಯ ಕಾಫಿಪುಡಿ ಅಂಗಡಿಯ ಅಕ್ಕ ನೆನಪಾದರು...

ಅದು ತೊಂಬತ್ತರ ದಶಕ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಗೆದ್ದ ಹುಮ್ಮಸ್ಸು ಇನ್ನೂ ಆರಿರಲಿಲ್ಲ. ವಾದದಿಂದ ಸಮಾಜವನ್ನು ತಿದ್ದಬಹುದೆಂದು ನಂಬಿದ್ದ ನಾನು ಹೊಸದಾಗಿ ಶಾಲೆಯೊಂದರ ಮೇಷ್ಟ್ರಾಗಿ, ಆ ಅಂಗಡಿಯ ಮಗ್ಗುಲ ಕೋಣೆಯಲ್ಲಿ ಬಾಡಿಗೆಗಿದ್ದೆ. ಗಂಡ ತೀರಿಕೊಂಡ ಮೇಲೆ ಅಕ್ಕ, ಮೈದುನನ ಜೊತೆ ಅಂಗಡಿ ನಡೆಸುತ್ತಿದ್ದರು. ಗಲ್ಲಾ ಮೈದುನನದು, ಹುರಿಯುವ ಕೆಲಸ ಅಕ್ಕನದು. ಸೌದೆ ಬೆಂಕಿಯ ಮೇಲೆ ಕಬ್ಬಿಣದ ಡ್ರಮ್ಮನ್ನು ಕೈಯಿಂದ ತಿರುಗಿಸುತ್ತಾ, ಬೀಜ ಹದಕ್ಕೆ ಬಂದದ್ದನ್ನು ವಾಸನೆಯಿಂದಲೇ ಹೇಳುತ್ತಿದ್ದರು. ಮಾತಿಗೊಮ್ಮೆ ನಗುವ ಹೆಂಗಸು.

ಒಂದು ಮಳೆಗಾಲದಲ್ಲಿ ಬೀಜ ಸೀಯತೊಡಗಿತು. ಬೇಸಿಗೆಯಲ್ಲಿ ಎಲ್ಲ ಸರಿಹೋಯಿತು. ಮರುವರ್ಷದ ಮಳೆಗೆ ಮತ್ತೆ ಅದೇ.

“ಏನಕ್ಕಾ, ಇದು ಕಾಫಿಪುಡಿಯಾ, ಇದ್ದಿಲ ಪುಡಿಯಾ?” ಎಂದು ಗಿರಾಕಿಗಳು ಕೆಣಕಿದರೂ ಅಕ್ಕ ನಗಲಿಲ್ಲ. “ಜಂಬ ನೋಡು ಮಾರಾಯ, ಮುಖ ಕಲ್ಲಿನ ಹಾಗೆ ಇಟ್ಕೊಂಡಿದಾಳೆ” ಎಂದು ಊರು ಆಡಿಕೊಂಡಿತು. ಅವರ ಹೆಜ್ಜೆ ಚಿಕ್ಕದಾಗಿತ್ತು. ನಡೆಯುವಾಗ ಬಲಗೈ ಬೀಸುತ್ತಿರಲಿಲ್ಲ, ಸುಮ್ಮನೆ ಜೋತುಬಿದ್ದಿರುತ್ತಿತ್ತು.

ಒಂದು ಸಂಜೆ ಜಗಲಿಯಲ್ಲಿ ಅವರೇ ಬಾಯಿಬಿಟ್ಟರು. “ಈ ಕೈ ನಂದಲ್ಲ ಅನ್ನಿಸ್ತದೆ ಮೇಷ್ಟ್ರೇ. ಹೇಳಿದ್ದು ಕೇಳೂದೇ ಇಲ್ಲ. ನಾಳೆ ಡ್ರಮ್ಮು ತಿರುಗಿಸ್ಲಿಕ್ಕೆ ಆಗದಿದ್ರೆ ಆ ಮನೇಲಿ ನಾನು ಯಾರು, ಹೇಳಿ? ಇದು ಎಂಥ ಕಾಯಿಲೆ ಅಂತ ಯಾರಾದ್ರೂ ಒಂದು ಹೆಸರು ಹೇಳಿದ್ರೆ ಸಾಕು.”

ಊರಿನ ವೈದ್ಯರು ನರದೌರ್ಬಲ್ಯವೆಂದು ಟಾನಿಕ್ ಬರೆದಿದ್ದರು. ಮೈದುನ ಕಳಸದ ಕಡೆಯ ಯಾರಿಂದಲೋ ಮಂತ್ರಿಸಿಕೊಂಡು ತಂದ ದಾರವೊಂದು ಮಣಿಕಟ್ಟಿನಲ್ಲಿತ್ತು. ನಾನು ಅವನೊಡನೆ ವಾದಕ್ಕಿಳಿದೆ. ದಾರ ಬೇಡ, ಪರೀಕ್ಷೆ ಬೇಕು. ಊಹೆ ಬೇಡ, ಪುರಾವೆ ಬೇಕು ಎಂದು ಗೆದ್ದೆ. ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದೆವು. ಸ್ಕ್ಯಾನ್ ಆಯಿತು. ವೈದ್ಯರು ಫಿಲ್ಮನ್ನು ಬೆಳಕಿಗೆ ಹಿಡಿದು, “ಎಲ್ಲಾ ನಾರ್ಮಲ್. ನಿಮಗೆ ಏನೂ ಇಲ್ಲ. ಮನಸ್ಸಿಗೆ ಹಚ್ಕೊಂಡಿದ್ದೀರಿ ಅಷ್ಟೆ” ಎಂದರು.

ಹೊರಗಿನ ಬೆಂಚಿನ ಮೇಲೆ ಅಕ್ಕ ಕುಸಿದು ಕುಳಿತರು. “ಏನೂ ಇಲ್ವಂತೆ... ಹಾಗಾದ್ರೆ ಇದು ಎಂಥದು?”

ಊರಿಗೆ ಮರಳಿದ ಮೇಲೆ ಆ ಮಾತೇ ಮೈದುನನ ಕೈಗೆ ಸಿಕ್ಕಿತು. “ಪುರಾವೆ ಪುರಾವೆ ಅಂತ ನೀವೇ ಅಲ್ವಾ ಮೇಷ್ಟ್ರೇ ಹೇಳಿದ್ದು? ಬಂತಲ್ಲ ಪುರಾವೆ. ಅತ್ತಿಗೆಗೆ ಕಾಯಿಲೆ ಇಲ್ಲ, ಕೆಲಸ ಬೇಡ ಅಷ್ಟೆ.” ನಾನು ಗೆದ್ದ ವಾದವೇ ಅಕ್ಕನಿಗೆ ತಿರುಗಿಬಿದ್ದಿತ್ತು. ವಿಜ್ಞಾನ ‘ನನಗೆ ಕಾಣಲಿಲ್ಲ’ ಎಂದಿತ್ತು. ಜನ ಅದನ್ನು ‘ಇಲ್ಲ’ ಎಂದು ಓದಿಕೊಂಡಿದ್ದರು. ಮುಂದಿನ ಮಳೆಗಾಲದಲ್ಲಿ ಮತ್ತೆ ಬೀಜ ಸೀದಾಗ ಡ್ರಮ್ಮು ಕೂಲಿಯಾಳಿನ ಪಾಲಾಯಿತು. ಅಕ್ಕ ಮೂಲೆಯ ಸ್ಟೂಲಿನ ಮೇಲೆ, ಪೊಟ್ಟಣ ಕಟ್ಟಲು ತಿಣುಕುತ್ತಾ ಕುಳಿತಿರುತ್ತಿದ್ದರು...

ವರ್ಷಗಳು ಉರುಳಿ ಹೊಸ ಶತಮಾನ ಬಂದಿತ್ತು. ಚಿಕ್ಕಮಗಳೂರಿಗೆ ನರರೋಗದ ವೈದ್ಯರೊಬ್ಬರು ಬಂದಿದ್ದಾರೆಂದು ತಿಳಿದು, ಬೇಡವೆಂದ ಅಕ್ಕನನ್ನು ಒತ್ತಾಯಿಸಿ ಕರೆದೊಯ್ದೆ. ವೈದ್ಯರು ಅವರನ್ನು ನಡೆಸಿ ನೋಡಿದರು, ಬೆರಳು ಮಡಚಿ ಬಿಚ್ಚಿಸಿದರು. ಆಮೇಲೆ ಯಾರೂ ಕೇಳದಿದ್ದ ಪ್ರಶ್ನೆಯೊಂದನ್ನು ಕೇಳಿದರು: “ಅಮ್ಮಾ, ನಿಮಗೆ ವಾಸನೆ ಗೊತ್ತಾಗ್ತದಾ?”

ಅಕ್ಕ ಇಲ್ಲವೆಂದು ತಲೆಯಾಡಿಸಿದರು. ಆಮೇಲೆ ಒಂದೊಂದಾಗಿ ಹೊರಬಂತು. ಕೈಗಿಂತ ಮೊದಲೇ ಮೂಗು ಹೋಗಿತ್ತು. ಬೀಜ ಸಿಡಿಯುವ ಚಟಚಟ ಸದ್ದನ್ನು ಆಲಿಸಿ ಅವರು ಹದ ಹಿಡಿಯುತ್ತಿದ್ದರು. ಮಳೆಗಾಲದಲ್ಲಿ ತಗಡಿನ ಮಾಡಿನ ಮೇಲೆ ಬೀಳುವ ಮಳೆ ಆ ಸದ್ದನ್ನು ನುಂಗಿಬಿಡುತ್ತಿತ್ತು.

“ಕಾಫಿ ಹುರಿಯೋಳು ಮೂಗು ಸತ್ತಿದೆ ಅಂತ ಹೇಳೂದು ಹೇಗೆ ಡಾಕ್ಟ್ರೇ? ಅಲ್ಲಾ, ಮೂಗಿಗೂ ಕೈಗೂ ಎಂಥ ಸಂಬಂಧ?”

ಸಂಬಂಧವಿದೆ ಎಂದರು ವೈದ್ಯರು. ಪಾರ್ಕಿನ್ಸನ್ ಕಾಯಿಲೆ. ಎಲ್ಲರಿಗೂ ಕೈ ನಡುಗಲೇಬೇಕೆಂದಿಲ್ಲ; ವಾಸನೆ ಹೋಗುವುದು, ಕೈ ಬೀಸದಿರುವುದು, ಮುಖ ಬಿಗಿಯುವುದು, ಎಲ್ಲವೂ ಅದರದೇ ಚಿಹ್ನೆಗಳು. ಅಂದಿನ ಸ್ಕ್ಯಾನಿನಲ್ಲಿ ಅದು ಕಾಣುವಂಥದ್ದಲ್ಲ. ಪೂರ್ತಿ ವಾಸಿಯಾಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ಹಗುರವಾಗುತ್ತದೆ.

ಮರಳುವ ಬಸ್ಸಿನಲ್ಲಿ ಅಕ್ಕ ಕಿಟಕಿಯ ಪಕ್ಕ ಅಲುಗಾಡದೆ ಕುಳಿತಿದ್ದರು. ಆ ಬಿಗಿದ ಮುಖ ನೋಡಿ ನನಗೆ ಸಂಕಟವಾಯಿತು. “ಬೇಜಾರಾಯ್ತಾ ಅಕ್ಕಾ?” ಎಂದೆ.

“ಎಂಥ ಬೇಜಾರು ಮಾರಾಯ್ರೇ! ಹೆಸರು ಸಿಕ್ತಲ್ಲ. ನಾನು ನಗ್ತಾ ಇದ್ದೇನೆ. ಕಾಣೂದಿಲ್ವಾ?”

ಮಾತ್ರೆಯಿಂದ ಕೆಲಕಾಲ ಕೈ ಹಗುರಾಯಿತು. “ಮೊದ್ಲೇ ಹೇಳ್ಬಾರ್ದಿತ್ತಾ ಅತ್ತಿಗೆ?” ಎಂದ ಮೈದುನ, ತಲೆ ತಗ್ಗಿಸಿ. ಡ್ರಮ್ಮು ಮಾತ್ರ ಅಕ್ಕನಿಗೆ ಮರಳಲಿಲ್ಲ. ಅಷ್ಟರಲ್ಲಿ ಕಾಯಿಲೆ ಬಹಳ ಮುಂದುವರಿದಿತ್ತು. ಮುಂದೆ ಹಾಸಿಗೆ ಹಿಡಿದರು. ಒಂದು ಮಳೆಗಾಲದಲ್ಲೇ ತೀರಿಕೊಂಡರು. ಅಂಗಡಿ ಈಗ ಬೇರೆಯವರ ಕೈಯಲ್ಲಿದೆ.

ಕೊಟ್ಟಿಗೆಹಾರದಲ್ಲಿ ಆ ದಿನ ಹೋಟೆಲಿನವನು ಕಪ್ಪಾದ ಬೀಜವನ್ನು ಮಳೆಗೆ ಸುರಿದು ಬಂದು, “ವಾಸನೆ ಹೊಡೀತಾ ಸಾರ್?” ಎಂದು ನಕ್ಕ. ಹೌದೆಂದೆ. ನನ್ನ ಮೂಗು ಇನ್ನೂ ಸರಿಯಾಗಿದೆ ಎಂಬುದೇ ಆ ಕ್ಷಣ ಭಾರವೆನಿಸಿತು...

ಓದುಗರಲ್ಲಿ ನನ್ನದೊಂದು ವಿನಂತಿ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರದಾದರೂ ನಗು ಕಾರಣವಿಲ್ಲದೆ ನಿಂತಿದ್ದರೆ, ಕೈ ಮಾತು ಕೇಳುತ್ತಿಲ್ಲವೆಂದು ಅವರು ಹೇಳಿದರೆ, ದಯವಿಟ್ಟು ನಂಬಿ. ಒಂದು ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ‘ನಿಮಗೆ ಏನೂ ಇಲ್ಲ’ ಎನ್ನಬೇಡಿ. ‘ಇನ್ನೂ ಗೊತ್ತಾಗಿಲ್ಲ’ ಎನ್ನಿ. ಅವರನ್ನು ಕರೆದುಕೊಂಡು ಇನ್ನೊಬ್ಬ ವೈದ್ಯರ ಬಾಗಿಲಿಗೆ ಹೋಗಿ.