ಒಂದೂಕಾಲು ಇಂಚಿನ ಅಂತರ

ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದವರಿಗೆ ಆ ಸುಖ ಗೊತ್ತು. ಕಪ್ಪಗೆ ಮುನಿಸಿಕೊಂಡಿದ್ದ ಪಾತ್ರೆ ನಾಲ್ಕು ಸಲ ಉಜ್ಜುವಷ್ಟರಲ್ಲಿ ನಗತೊಡಗುತ್ತದೆ. ಸಾಂತಾಕ್ರೂಜಿನ ಚಾಳಿನಲ್ಲಿ ನಮ್ಮ ಚಿಕ್ಕಮ್ಮ ಭಾನುವಾರದ ಬೆಳಗನ್ನು ಈ ಕೆಲಸಕ್ಕೇ ಮೀಸಲಿಟ್ಟಿದ್ದಳು. ನಾನು ಪಕ್ಕದಲ್ಲಿ ಕುಳಿತು, ರಸಾಯನಶಾಸ್ತ್ರದ ಪದವೀಧರೆಯೆಂಬ ಹಮ್ಮಿನಲ್ಲಿ, ಹುಳಿಗೂ ತಾಮ್ರಕ್ಕೂ ಇರುವ ನಂಟನ್ನು ವಿವರಿಸುತ್ತಿದ್ದೆ. "ಹೇಳಿದ್ದು ಸಾಕು, ತಳ ತಿಕ್ಕು" ಎನ್ನುತ್ತಿದ್ದಳು.

ಐವತ್ತರ ದಶಕದ ಮಾತು ಇದು. ಮೈಸೂರಿನಿಂದ ಬಂದ ನಾನು ಕಾಂದಿವಲಿಯಲ್ಲಿ ತಾಮ್ರ ಶುದ್ಧಿ ಮಾಡುವ ಸಣ್ಣ ಕಾರ್ಖಾನೆಯೊಂದರ ಪ್ರಯೋಗಾಲಯಕ್ಕೆ ಸೇರಿದ್ದೆ. ಅಲ್ಲಿನ ಶುದ್ಧಿ ಹುಣಸೆಹಣ್ಣಿನದಲ್ಲ. ಮೈಲುತುತ್ತದ ನೀಲಿ ನೀರಿಗೆ ಗಂಧಕಾಮ್ಲ ಬೆರೆಸಿದ ತೊಟ್ಟಿಗಳಲ್ಲಿ ಮಲಿನ ತಾಮ್ರದ ದಪ್ಪ ಹಲಗೆಯೊಂದು, ಶುದ್ಧ ತಾಮ್ರದ ತೆಳು ತಗಡೊಂದು, ಹೀಗೆ ಸಾಲಾಗಿ ತೂಗುಬಿಟ್ಟು ವಿದ್ಯುತ್ತು ಹರಿಸುತ್ತಿದ್ದರು. ತಾಮ್ರ ಹಲಗೆಯಿಂದ ಕರಗಿ, ನಡುವಿನ ನೀರನ್ನು ದಾಟಿ, ತಗಡಿನ ಮೇಲೆ ಹೋಗಿ ಕೂರುತ್ತಿತ್ತು. ಕೊಳೆಯೆಲ್ಲ ತಳದಲ್ಲಿ ಕೆಸರಾಗಿ ಉಳಿಯುತ್ತಿತ್ತು.

ಹಲಗೆಗೂ ತಗಡಿಗೂ ನಡುವೆ ಎರಡು ಇಂಚಿನ ಅಂತರವಿತ್ತು. ಅವನ್ನು ಹತ್ತಿರ ತಂದರೆ ವಿದ್ಯುತ್ತಿನ ಹಾದಿ ಮೊಟಕಾಗುತ್ತದೆ, ಪೋಲು ತಗ್ಗುತ್ತದೆ, ಅದೇ ತೊಟ್ಟಿಯಲ್ಲಿ ಇನ್ನಷ್ಟು ಹಲಗೆಗಳು ಹಿಡಿಸುತ್ತವೆ. ಒಂದೂಕಾಲು ಇಂಚು ಸಾಕೆಂದು ನಾನು ಮೂರು ಪುಟದ ವರದಿ ಬರೆದೆ. ಕಾರ್ಖಾನೆಯ ಮಾಲೀಕ ಸೇಠರು ಓದಿ ಸಂತೋಷಪಟ್ಟು, ಇದ್ದ ಇಪ್ಪತ್ತನಾಲ್ಕರಲ್ಲಿ ಆರು ತೊಟ್ಟಿಗಳನ್ನು ಹಾಗೆಯೇ ಬದಲಿಸಲು ಹೇಳಿದರು.

ತೊಟ್ಟಿಗಳ ಮೇಸ್ತ್ರಿ ಸಂಗಪ್ಪ ವಿಜಾಪುರದ ಕಡೆಯವನು, ಐವತ್ತರ ಆಸುಪಾಸು. ಪ್ರತಿ ಬೆಳಗ್ಗೆ ಹಲಗೆಗಳನ್ನು ತೂಗುಬಿಟ್ಟ ಕಂಬಿಗಳ ಮೇಲೆ ಅಂಗೈ ಇಡುತ್ತ, ಜ್ವರ ನೋಡುವ ವೈದ್ಯನಂತೆ ನಡೆಯುತ್ತಿದ್ದ. ಕಂಬಿ ಬಿಸಿಯಾಗಿದ್ದರೆ ಕೆಳಗೆಲ್ಲೋ ಹಲಗೆ, ತಗಡು ಒಂದನ್ನೊಂದು ತಾಗಿವೆ, ವಿದ್ಯುತ್ತು ಕೆಲಸ ಮಾಡದೆ ಸುಮ್ಮನೆ ಹಾದುಹೋಗುತ್ತಿದೆ ಎಂದು ಅರ್ಥ. ಹೊಸ ಅಂತರದ ವಿಷಯ ಕೇಳಿ ಅವನು "ಆಗ್ಲಿ ತಗೋರಿ" ಎಂದಷ್ಟೇ ಅಂದ.

ವಾರದೊಳಗೆ ಆರೂ ತೊಟ್ಟಿಗಳಿಗೆ ಜ್ವರ ಬಂತು. ತಗಡುಗಳ ಮೇಲೆ ಬೆಳೆದ ತಾಮ್ರದ ಗಂಟುಗಳು ಎದುರಿನ ಹಲಗೆಗಳನ್ನು ಮುಟ್ಟತೊಡಗಿದವು. ಎತ್ತಿ ನೋಡಿದರೆ ತಗಡು ಹಲಸಿನ ಸಿಪ್ಪೆಯಂತಿತ್ತು. ಸೇಠರು ಬಂದು ನೋಡಿ, ಸಂಗಪ್ಪನ ಅಲಕ್ಷ್ಯವೇ ಇದಕ್ಕೆ ಕಾರಣವೆಂದು ತೀರ್ಮಾನಿಸಿದರು. ಮುಂದಿನ ತಿಂಗಳಿಂದ ಅವನು ಗೇಟಿನ ಕಾವಲಿಗೆ, ಅವನ ಜಾಗಕ್ಕೆ ಅಂಧೇರಿಯಿಂದ ಬೇರೆ ಮೇಸ್ತ್ರಿ. ಸಂಗಪ್ಪ ಟೊಪ್ಪಿಗೆ ಸರಿಮಾಡಿಕೊಂಡನೇ ಹೊರತು ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ. ಅದನ್ನು ನೆನೆದರೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನ ಬಳಿ ಹೋದೆ. ರೊಟ್ಟಿ ಮುರಿಯುತ್ತ ಕುಳಿತಿದ್ದ.

"ಸಂಗಪ್ಪನವರೇ, ನನ್ನ ಲೆಕ್ಕ ಎಲ್ಲಿ ತಪ್ಪಿತು ಹೇಳಿ."

"ಲೆಕ್ಕ ಬರೋಬರಿ ಐತ್ರಿ ಬಾಯಾರ. ಹಲಗಿ ಡೊಂಕ ಅದಾವ."

"ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

ಎದ್ದು ಕೈ ತೊಳೆದು ಬಂದವನು ದಾರದ ತುದಿಗೆ ಬೋಲ್ಟು ಕಟ್ಟಿ, ತೂಗುಹಾಕಿದ ಹಲಗೆಯೊಂದರ ಪಕ್ಕ ಇಳಿಬಿಟ್ಟ. ಎರಕದಲ್ಲಿ, ಹಲಗೆಯನ್ನು ಕಂಬಿಗೆ ತೂಗುಹಾಕುವ ಎರಡು ಕಿವಿಗಳೂ ಒಂದೇ ಸಮ ಬಂದಿರಲಿಲ್ಲ. ಬುಡ ಒಂದು ಕಡೆಗೆ ವಾಲಿತ್ತು. ಮೇಲೆ ಒಂದೂಕಾಲು ಇಂಚು ಇದ್ದದ್ದು ಕೆಳಗೆ ಅರ್ಧ ಇಂಚೂ ಇರಲಿಲ್ಲ. ನಾನು ಅಳೆದದ್ದು ಮೇಲುಗಡೆ ಮಾತ್ರ.

ದೂರದ ಬೆಟ್ಟ ನುಣ್ಣಗೆ ಎನ್ನುವುದು ಬೆಟ್ಟಕ್ಕಷ್ಟೇ ಅಲ್ಲ ನೋಡಿ. ಎರಡು ಇಂಚಿನ ಔದಾರ್ಯದಲ್ಲಿ ಎಲ್ಲ ಡೊಂಕೂ ಕ್ಷಮೆ ಪಡೆದಿತ್ತು. ಮೈಸೂರಿನ ನಮ್ಮ ದೊಡ್ಡ ಹಿತ್ತಿಲಿನಾಚೆ ನೆರೆಯವರು ಯಾರೆಂದೇ ನನಗೆ ಸರಿಯಾಗಿ ತಿಳಿದಿರಲಿಲ್ಲ, ಹಾಗಾಗಿ ಅವರೊಡನೆ ಜಗಳವೂ ಇರಲಿಲ್ಲ. ಚಾಳಿನಲ್ಲಿ ಒಂದೇ ನಲ್ಲಿಗೆ ಹನ್ನೊಂದು ಮನೆ. ಅಲ್ಲಿ ಬಾಳಬೇಕಾದರೆ ಪ್ರತಿಯೊಬ್ಬರೂ ಸ್ವಲ್ಪ ನೆಟ್ಟಗಾಗಲೇಬೇಕು.

ಮರುದಿನ ಸೇಠರ ಕೋಣೆಗೆ ಹೋಗಿ ನಿಂತೆ. ವರದಿ ನನ್ನದು, ಹಲಗೆ ನೋಡದೆ ಬರೆದ ತಪ್ಪೂ ನನ್ನದು, ಸಂಗಪ್ಪನವರನ್ನು ಗೇಟಿಗೆ ಕಳಿಸುವುದಾದರೆ ನನ್ನನ್ನು ಮನೆಗೆ ಕಳಿಸಿ, ಇಲ್ಲವೇ ಹಲಗೆ ನೆಟ್ಟಗೆ ಮಾಡಿ ತೋರಿಸಲು ಬಿಡಿ ಎಂದೆ. ಚಿಕ್ಕಮ್ಮನಿಗೆ ಏನು ಹೇಳುವುದೆಂದು ಆಗಲೇ ಯೋಚಿಸತೊಡಗಿದ್ದೆ. ಸೇಠರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಠೀಕ್ ಹೈ. ಏಕ್ ಟಾಂಕಿ, ಪಂದ್ರಾ ದಿನ್" ಎಂದರು.

ಒಂದು ತೊಟ್ಟಿ, ಹದಿನೈದು ದಿನ. ಸಂಗಪ್ಪ ಹಲಗೆಗಳನ್ನು ಕಬ್ಬಿಣದ ದಿಮ್ಮಿಯ ಮೇಲೆ ಮಲಗಿಸಿ ಮರದ ಕೊಡತಿಯಿಂದ ಬಡಿದು ಚಪ್ಪಟೆ ಮಾಡಿದ, ಕಿವಿಗಳನ್ನು ಅರದಿಂದ ಉಜ್ಜಿ ಸಮಮಾಡಿದ. ನಾನು ದಾರ ಹಿಡಿದು ಮೇಲೂ ಕೆಳಗೂ ಅಳೆದೆ. ತಾಮ್ರ ಗಂಟುಗಟ್ಟದೆ ನಯವಾಗಿ ಕೂರಲೆಂದು ಬಡಗಿಯ ಅಂಟನ್ನು ದಿನಕ್ಕಿಷ್ಟು ಕರಗಿಸಿ ತೊಟ್ಟಿಗೆ ಬೆರೆಸಿದೆವು. ಆ ಅಂಟಿಗೆ ಮರಾಠಿ ಕೆಲಸಗಾರರು 'ಸರಸ' ಎನ್ನುತ್ತಿದ್ದರು. ಇಷ್ಟು ಹತ್ತಿರ ಇರುವವರ ನಡುವೆ ಸ್ವಲ್ಪ ಸರಸವೂ ಬೇಕಲ್ಲ ಎಂದು ನಾನು ಅಂದಾಗ ಸಂಗಪ್ಪ ಮೊದಲ ಸಲ ನಕ್ಕ.

ಹದಿನೈದನೆಯ ದಿನ ತಗಡುಗಳನ್ನು ಎತ್ತಿದರು. ನೀಲಿ ನೀರು ಸುರಿಸುತ್ತ ಮೇಲೆದ್ದ ತಾಮ್ರ ಎಳೆಯ ಮಾವಿನ ಚಿಗುರಿನ ಬಣ್ಣಕ್ಕಿತ್ತು, ಎಲ್ಲೂ ಒಂದು ಮೊಡವೆಯಿಲ್ಲ. ತೊಳೆದ ಮೇಲೆ ಸೇಠರು ಅದರ ಉದ್ದಕ್ಕೂ ಹೆಬ್ಬೆರಳು ಎಳೆದು, ಇದು ಯಾರ ಕೆಲಸ ಎಂದು ಕೇಳಿದರು.

"ಹಿಸಾಬ್ ಬಾಯೀ ಕಾ, ಹಥೋಡಾ ಮೇರಾ" ಎಂದ ಸಂಗಪ್ಪ. ಲೆಕ್ಕ ಅವರದು, ಬಡಿತ ನನ್ನದು.

ಗೇಟಿನ ಕಾವಲಿನ ಮಾತು ಮತ್ತೆ ಬರಲಿಲ್ಲ. ಅಂಧೇರಿಯ ಮೇಸ್ತ್ರಿಯೂ ಬರಲಿಲ್ಲ. ಎಲ್ಲ ತೊಟ್ಟಿಗಳನ್ನೂ ಹೀಗೇ ಮಾಡಿ ಎಂದು ಹೇಳಿ ಸೇಠರು ಹೊರಟರು. ನಾನು ನಿರಾಳವಾಗಿ, ಇನ್ನು ನಾಳೆಯಿಂದ ನನ್ನ ಪ್ರಯೋಗಾಲಯಕ್ಕೆ ಹೋಗಬಹುದಲ್ಲ ಎಂದೆ. ಸಂಗಪ್ಪ ನನ್ನ ಸೀರೆಯ ಅಂಚನ್ನು ನೋಡಿದ. ಆಮ್ಲ ಸಿಡಿದು ಅದು ಜರಡಿಯಾಗಿತ್ತು.

"ಇನ್ನ ಇಪ್ಪತ್ಮೂರು ತೊಟ್ಟಿ ಉಳದಾವ್ರಿ ಬಾಯಾರ" ಎಂದ. "ನಾಳಿಂದ ಹಳೀ ಸೀರಿ ಉಟ್ಕೊಂಡ ಬರ್ರಿ."